ಹಬ್ಬದ ದಾನ, ಕೊಲ್ಕತ್ತಾದ ಫುಟ್‌ಪಾತ್ ಮತ್ತು ಕಾಳಿಘಾಟ್‌ನ ಆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತು ಅಂದ್ರೆ ಊರಿನಿಂದ ಫೋನ್ ಶುರುವಾಗುತ್ತೆ. ಕ್ರಿಸ್‌ಮಸ್ ರಜೆಗೆ ಕೊಲ್ಕತ್ತಾಗೆ ಬರ್ತಿದ್ದೀವಿ, ಮದರ್ ತೆರೇಸಾ ಅವರ ಮನೆಗೆ ಏನಾದ್ರೂ ಕೊಡಬೇಕು, ಫುಟ್‌ಪಾತ್‌ನಲ್ಲಿ ಮಲಗೋರಿಗೆ ಕಂಬಳಿ ಹಂಚಬೇಕು, ಹೇಗೆ ಮಾಡೋದು ಹೇಳಿ ಅಂತ. ದುರ್ಗಾ ಪೂಜೆ ಸಮಯದಲ್ಲೂ ಇದೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಇವೆ, ಬೇಕಾದ್ದನ್ನು ಮಾತ್ರ ಓದಿಕೊಳ್ಳಿ.

ಮದರ್ ಹೌಸ್, ನಿರ್ಮಲ್ ಹೃದಯ್ ಎರಡೂ ಒಂದೇನಾ?

ಅಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಮದರ್ ಹೌಸ್ ಇರೋದು ಎಜೆಸಿ ಬೋಸ್ ರಸ್ತೆಯಲ್ಲಿ, ನಂಬರ್ 54ಎ. ಅದು ಮಿಷನರೀಸ್ ಆಫ್ ಚಾರಿಟಿ ಸಂಸ್ಥೆಯ ಮುಖ್ಯ ಮನೆ. ಸಿಸ್ಟರ್‌ಗಳು ಇರೋದು ಅಲ್ಲಿ, ಮದರ್ ಅವರ ಸಮಾಧಿ ಇರೋದೂ ಅಲ್ಲೇ. ಸಂಸ್ಥೆ ಶುರುವಾಗಿದ್ದು 1950ರ ಅಕ್ಟೋಬರ್ 7ರಂದು. ನಿರ್ಮಲ್ ಹೃದಯ್ ಇರೋದು ಕಾಳಿಘಾಟ್‌ನಲ್ಲಿ, ಕಾಳಿ ದೇವಸ್ಥಾನಕ್ಕೆ ಅಂಟಿಕೊಂಡಂತೆ. ಯಾರೂ ದಿಕ್ಕಿಲ್ಲದೆ ಬೀದಿಯಲ್ಲಿ ಸಾಯುವ ಸ್ಥಿತಿಗೆ ಬಂದವರನ್ನು ತಂದು ನೋಡಿಕೊಳ್ಳುವ ಮನೆ ಅದು. ಪ್ರಪಂಚಕ್ಕೆಲ್ಲ ಹೆಸರಾದದ್ದು ಇದೇ. ಟ್ಯಾಕ್ಸಿಯವನಿಗೆ ಸುಮ್ನೆ 'ಮದರ್ ತೆರೇಸಾ' ಅಂದ್ರೆ ಸಾಮಾನ್ಯವಾಗಿ ಮದರ್ ಹೌಸ್ ಹತ್ತಿರ ಇಳಿಸ್ತಾನೆ. ಕಾಳಿಘಾಟ್‌ಗೆ ಹೋಗೋದಾದ್ರೆ ಮೆಟ್ರೋ ಒಳ್ಳೇದು, ಕಾಳಿಘಾಟ್ ಅಂತಲೇ ಸ್ಟೇಷನ್ ಇದೆ, ಅಲ್ಲಿಂದ ನಡೆದುಹೋಗಬಹುದು.

ಇವೆರಡೇ ಅಲ್ಲ, ಎಜೆಸಿ ಬೋಸ್ ರಸ್ತೆಯಲ್ಲೇ ಮಕ್ಕಳ ಶಿಶು ಭವನ ಇದೆ, ಪ್ರೇಮ್ ದಾನ್ ಅನ್ನೋ ದೊಡ್ಡ ಆಶ್ರಯ ಇದೆ, ಊರಾಚೆ ಟೀಟಾಗಢದಲ್ಲಿ ಕುಷ್ಠರೋಗ ಬಂದವರಿಗಾಗಿ ಗಾಂಧೀಜಿ ಪ್ರೇಮ್ ನಿವಾಸ್ ಇದೆ. ಸಿಸ್ಟರ್‌ಗಳು ಉಡುವ ನೀಲಿ ಅಂಚಿನ ಬಿಳಿ ಸೀರೆ ನೇಯೋದು ಟೀಟಾಗಢದ ಆ ಜನರೇ.

ಕಾಳಿ ದೇವಸ್ಥಾನದ ಪಕ್ಕದಲ್ಲೇ ಈ ಮನೆ ಹೇಗೆ ಬಂತು?

ಆ ಕಟ್ಟಡ ಮೊದಲು ಕಾಳಿಘಾಟ್‌ಗೆ ಬರುವ ಯಾತ್ರಿಕರ ಧರ್ಮಶಾಲೆ ಆಗಿತ್ತು. ಬೀದಿಯಲ್ಲಿ ಬಿದ್ದಿರುವ ರೋಗಿಗಳನ್ನು ಮಲಗಿಸೋಕೆ ಒಂದು ಜಾಗ ಕೊಡಿ ಅಂತ ಮದರ್ ಕಲ್ಕತ್ತಾ ಕಾರ್ಪೊರೇಷನ್‌ನವರನ್ನು ಕೇಳಿದಾಗ ಅವರು ಇದನ್ನು ಬಿಟ್ಟುಕೊಟ್ಟರು. 1952ರ ಆಗಸ್ಟ್ 22ರಂದು ಶುರುವಾಯಿತು. ಪರಧರ್ಮದವರು ದೇವಸ್ಥಾನದ ಜಾಗಕ್ಕೆ ಬಂದು ಕೂತರು ಅಂತ ಮೊದಲು ಗಲಾಟೆಯೂ ಆಯಿತು. ದೇವಸ್ಥಾನದ ಒಬ್ಬ ಯುವ ಅರ್ಚಕರಿಗೆ ಕಾಯಿಲೆ ಬಂದು, ಬೇರೆಲ್ಲೂ ಸೇರಿಸಿಕೊಳ್ಳದೆ ಇದ್ದಾಗ ಇಲ್ಲಿ ಆರೈಕೆ ಸಿಕ್ಕಿತು, ಆಮೇಲೆ ವಿರೋಧ ತಣ್ಣಗಾಯಿತು ಅನ್ನೋದು ಇಲ್ಲಿನವರು ಹೇಳುತ್ತಾ ಬಂದಿರುವ ಕಥೆ. 1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಲ್ಲಿಗೆ ಬಂದು ರೋಗಿಗಳಿಗೆ ಊಟ ಕೊಟ್ಟು ಹೋಗಿದ್ದರು. ಕಟ್ಟಡ ಈಗಲೂ ಆಡಂಬರ ಇಲ್ಲದ್ದೇ. ಹೊರಗೆ ದಾಸವಾಳದ ಹಾರ, ಪೇಡ ಮಾರೋ ಅಂಗಡಿಗಳ ಗದ್ದಲ. ಬಾಗಿಲು ದಾಟಿದರೆ ಸಾಲಾಗಿ ಗಿಡ್ಡ ಮಂಚಗಳು, ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ.

ಹಾಗಾದ್ರೆ ಕೊಲ್ಕತ್ತಾದ ಬೀದಿ ಜನರನ್ನೆಲ್ಲ ಅವರೇ ನೋಡಿಕೊಳ್ತಾರೆ ಅಲ್ವಾ?

ಇಲ್ಲ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಮನೆ ಇಲ್ಲದವರು ಸುಮಾರು 17.7 ಲಕ್ಷ, ಅದರಲ್ಲಿ ಪಟ್ಟಣಗಳಲ್ಲೇ 9 ಲಕ್ಷಕ್ಕೂ ಹೆಚ್ಚು. ಲೆಕ್ಕಕ್ಕೆ ಸಿಗದವರು ಬೇರೆ. ಕಾಳಿಘಾಟ್‌ನ ಒಂದು ಮನೆಯಿಂದ ಆಗುವ ಕೆಲಸ ಅಲ್ಲ ಇದು. ಅಲ್ಲಿಗೆ ಬರೋದು ತುಂಬಾ ಹದಗೆಟ್ಟವರು, ವಯಸ್ಸಾಗಿ ಯಾರೂ ಇಲ್ಲದವರು. ಕೆಲವರು ಚೇತರಿಸಿಕೊಂಡು ಎದ್ದು ಹೋಗ್ತಾರೆ.

ಫುಟ್‌ಪಾತ್‌ನಲ್ಲಿ ಮಲಗೋರಲ್ಲಿ ಬಹಳ ಜನ ದುಡಿಯುವವರು ಅನ್ನೋದನ್ನೂ ಮರೀಬೇಡಿ. ಕೈಗಾಡಿ ರಿಕ್ಷಾ ಎಳೆಯೋರು, ಚಿಂದಿ ಆಯೋರು, ಮನೆಕೆಲಸದ ಹೆಂಗಸರು, ಬಡಾಬಜಾರ್‌ನಲ್ಲಿ ಮೂಟೆ ಹೊರುವವರು. ಹಗಲು ನಿಮ್ಮನ್ನು ಕೂರಿಸಿಕೊಂಡು ಓಡಿದ ರಿಕ್ಷಾದಲ್ಲೇ ರಾತ್ರಿ ಮುದುಡಿ ಮಲಗುವ ಗಂಡಸರು ಎಷ್ಟೋ ಮಂದಿ. ಇವರನ್ನೆಲ್ಲ ಭಿಕ್ಷುಕರು ಅಂತ ಒಂದೇ ಸಾಲಿಗೆ ನಿಲ್ಲಿಸಿ ಕೈಗೆ ಬನ್ನು ಇಡಲು ಹೋದರೆ ಅವರಿಗೆ ಸಿಟ್ಟು ಬರುತ್ತೆ. ಬರಲೇಬೇಕು ಕೂಡ.

ನಿರ್ಮಲ್ ಹೃದಯ್ ಒಳಗೆ ಹೋಗಿ ನೋಡಬಹುದಾ? ಫೋಟೋ?

ನೋಡೋಕೆ ಬರುವುದಾದರೆ ಮದರ್ ಹೌಸ್‌ಗೆ ಬನ್ನಿ. ಅಲ್ಲಿ ಸಮಾಧಿ ಇದೆ, ಚಿಕ್ಕ ವಸ್ತುಪ್ರದರ್ಶನ ಇದೆ, ಮದರ್ ಇದ್ದ ಕೋಣೆ ಇದೆ. ಆ ಕೋಣೆ ಅಡುಗೆಮನೆಯ ಮೇಲೇ ಇದೆ, ಫ್ಯಾನು ಇರಲಿಲ್ಲ. ಕೊಲ್ಕತ್ತಾದ ಮೇ ತಿಂಗಳ ಸೆಕೆ ಕಂಡವರಿಗೆ ಅದರ ಅರ್ಥ ಗೊತ್ತಾಗುತ್ತೆ. ಪ್ರವೇಶಕ್ಕೆ ದುಡ್ಡಿಲ್ಲ. ಗುರುವಾರ ರಜೆ, ಮಧ್ಯಾಹ್ನದ ಹೊತ್ತು ಮುಚ್ಚಿರ್ತಾರೆ.

ನಿರ್ಮಲ್ ಹೃದಯ್ ಬೇರೆ ತರಹ. ಅಲ್ಲಿ ಜನ ಕಾಯಿಲೆಯಲ್ಲಿ ಮಲಗಿದ್ದಾರೆ. ಕೇಳಿಕೊಂಡು ಒಳಗೆ ಹೋಗಬಹುದು, ಆದರೆ ಫೋಟೋ ತೆಗೆಯುವ ಹಾಗಿಲ್ಲ. 'ಒಂದೇ ಒಂದು ಸೆಲ್ಫಿ, ಬರೀ ಗೋಡೆ ಬರುತ್ತೆ' ಅಂತ ಸಿಸ್ಟರ್ ಹತ್ತಿರ ಚೌಕಾಸಿ ಮಾಡಬೇಡಿ. ಮಾಡಿದವರನ್ನು ನೋಡಿದ್ದೇನೆ.

ಅಲ್ಲಿಗೆ ಏನು ಕೊಟ್ಟರೆ ಒಳ್ಳೇದು?

ಏನು ಬೇಕು ಅಂತ ಅವರನ್ನೇ ಕೇಳಿ. ಹಬ್ಬದ ಹೊತ್ತಿಗೆ ಎಲ್ಲರೂ ಒಂದೇ ಸಾಮಾನು ತರ್ತಾರೆ: ಕೇಕು, ಬಿಸ್ಕತ್ತು, ಹಳೇ ಬಟ್ಟೆ. ಅದೇ ವಾರದಲ್ಲಿ ದೊಡ್ಡವರ ಡಯಾಪರ್, ಸೋಪು, ಬ್ಯಾಂಡೇಜ್ ಬಟ್ಟೆ, ಫಿನಾಯಿಲ್, ಅಕ್ಕಿ ಬೇಳೆ ಇಂಥದ್ದು ಬೇಕಿರಬಹುದು. ಹಲ್ಲಿಲ್ಲದ ಅಜ್ಜಿಗೆ ಗಟ್ಟಿ ಪ್ಲಮ್ ಕೇಕು ಕೊಟ್ಟು ಏನು ಮಾಡ್ತೀರಿ?

ಬೆಂಗಳೂರಿನಿಂದ ರೈಲಲ್ಲಿ ಮೂಟೆ ಕಟ್ಟಿ ಹಳೇ ಬಟ್ಟೆ ತರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಸಾಗಿಸುವ ಖರ್ಚಿಗೇ ಇಲ್ಲಿ ಬಡಾಬಜಾರ್‌ನಲ್ಲಿ ಹೊಸದು ಸಿಗುತ್ತೆ. ದುಡ್ಡು ಕೊಟ್ಟರೆ ಇನ್ನೂ ಸುಲಭ. ಕೌಂಟರಿನಲ್ಲಿ ಕೊಟ್ಟು ರಸೀದಿ ತಗೊಳ್ಳಿ.

ಇದಕ್ಕೆ ಒಂದು ಹಳೇ ಉದಾಹರಣೆ ಇದೆ. 1964ರಲ್ಲಿ ಪೋಪ್ ಆರನೇ ಪಾಲ್ ಮುಂಬೈಗೆ ಬಂದಿದ್ದಾಗ ಅವರಿಗೆ ಓಡಾಡಲು ಒಂದು ಬಿಳಿ ಲಿಂಕನ್ ಕಾರು ಕೊಟ್ಟಿದ್ದರು. ಹೋಗುವಾಗ ಅವರು ಅದನ್ನು ಮದರ್‌ಗೆ ಕೊಟ್ಟುಹೋದರು. ಕುಷ್ಠರೋಗಿಗಳ ಜೊತೆ ಕೆಲಸ ಮಾಡುವವರಿಗೆ ಲಿಂಕನ್ ಕಾರು! ಮದರ್ ಒಂದು ದಿನವೂ ಅದರಲ್ಲಿ ಓಡಾಡಲಿಲ್ಲ, ಲಾಟರಿ ಇಟ್ಟು ಬಂದ ದುಡ್ಡನ್ನು ಶಾಂತಿನಗರ ಅನ್ನೋ ಕುಷ್ಠರೋಗಿಗಳ ಊರು ಕಟ್ಟೋಕೆ ಹಾಕಿದರು. 1979ರಲ್ಲಿ ನೊಬೆಲ್ ಬಂದಾಗಲೂ ಅಷ್ಟೇ, ಔತಣಕೂಟ ಬೇಡ, ಆ ದುಡ್ಡು ಬಡವರಿಗೆ ಕೊಡಿ ಅಂದರು. ನೀವು ಕೊಟ್ಟ ಸಾಮಾನನ್ನು ದುಡ್ಡು ಮಾಡುವ ತಾಪತ್ರಯ ಅವರಿಗ್ಯಾಕೆ?

ರಸ್ತೆಯಲ್ಲಿ ನಾವೇ ಕಂಬಳಿ ಹಂಚಬಹುದಾ?

ಹಂಚಬಹುದು, ತಪ್ಪೇನಿಲ್ಲ. ಆದರೆ ಕೊಲ್ಕತ್ತಾದಲ್ಲಿ ಇದನ್ನು ಮಾಡೋರು ನೀವೊಬ್ಬರೇ ಅಲ್ಲ. ಪೂಜೆ ಮುಂಚೆ ಪಾಡಾದ (ಬಡಾವಣೆಯ) ಕ್ಲಬ್ಬುಗಳು 'ಬಸ್ತ್ರ ಬಿತರಣ್' ಅಂತ ಹೊಸ ಸೀರೆ ಲುಂಗಿ ಹಂಚ್ತಾರೆ. ಚಳಿ ಬಂತು ಅಂದ್ರೆ 'ಕಂಬಲ್ ಬಿತರಣ್'. ಮೈಕು, ಬ್ಯಾನರು, ಕೌನ್ಸಿಲರ್ ಭಾಷಣ ಎಲ್ಲಾ ಇರುತ್ತೆ. ರಾಮಕೃಷ್ಣ ಮಿಷನ್, ಭಾರತ ಸೇವಾಶ್ರಮ ಸಂಘದವರು ಕೊಡ್ತಾರೆ, ಗುರುದ್ವಾರದವರು ಕೊಡ್ತಾರೆ, ಚರ್ಚ್‌ನವರು ಕೊಡ್ತಾರೆ. ಹೀಗಾಗಿ ಪಾರ್ಕ್ ಸ್ಟ್ರೀಟ್, ಕಾಳಿಘಾಟ್, ಸಿಯಾಲ್ದಾ ಇಂಥ ಎದ್ದು ಕಾಣುವ ಜಾಗದಲ್ಲಿ ಕೂತವರಿಗೆ ಮೂರು ಮೂರು ಕಂಬಳಿ ಸಿಗುತ್ತೆ, ಒಳಗಿನ ಗಲ್ಲಿಯವರಿಗೆ ಒಂದೂ ಇಲ್ಲ.

ಒಂದು ಸಲ ಗಡಿಯಾಹಾಟ್ ಫ್ಲೈಓವರ್ ಕೆಳಗೆ ರಾತ್ರಿ ಹತ್ತರ ಮೇಲೆ ಒಂದು ಟೆಂಪೋ ಬಂದು ನಿಂತಿತು. ಇಳಿದವರು ಪಟಪಟ ಅಂತ ಕಂಬಳಿ ಎಸೆಯೋಕೆ ಶುರುಮಾಡಿದರು. ಮಲಗಿದ್ದ ಮಕ್ಕಳು ಬೆಚ್ಚಿ ಎದ್ದವು, ನೂಕುನುಗ್ಗಲಾಯಿತು, ಗಟ್ಟಿಮುಟ್ಟಾದ ಹುಡುಗರಿಗೆ ಎರಡೆರಡು ಸಿಕ್ಕಿತು. ಕಂಬದ ಹತ್ತಿರ ಕೂತಿದ್ದ ವಯಸ್ಸಾದ ಹೆಂಗಸು ಏಳಲೇ ಇಲ್ಲ. ಐದು ನಿಮಿಷದಲ್ಲಿ ಟೆಂಪೋ ಹೋಯಿತು. ಆ ಹೆಂಗಸನ್ನು ಮಾಶಿಮಾ (ಚಿಕ್ಕಮ್ಮ), ನಿಮಗೆ ಬೇಡವಾ ಅಂತ ಕೇಳಿದ್ದಕ್ಕೆ, ಗಂಟಿನಿಂದ ಮಡಿಸಿದ ಕಂಬಳಿ ತೋರಿಸಿ, ಇದು ಇದೆ, ಸೊಳ್ಳೆ ಪರದೆ ಕೊಡೋರು ಯಾರೂ ಬರಲ್ಲ ಅಂದರು. ಡೆಂಗಿ ಬರುವ ಊರು ಇದು, ಅವರು ಕೇಳಿದ್ದರಲ್ಲಿ ಅರ್ಥ ಇದೆ.

ಹಂಚೋದೇ ಆದರೆ ಒಂದು ದಿನ ಮುಂಚೆ ಸಂಜೆ ಹೊತ್ತು ಹೋಗಿ ಮಾತಾಡಿ. ಪಕ್ಕದ ಟೀ ಅಂಗಡಿಯವನಿಗೆ ಯಾರ್ಯಾರು ಅಲ್ಲಿ ಮಲಗ್ತಾರೆ, ಯಾರಿಗೆ ಏನಿಲ್ಲ ಅಂತ ಪೂರ್ತಿ ಗೊತ್ತಿರುತ್ತೆ. ಬಂಗಾಳಿ ಬರಲ್ಲ ಅಂದ್ರೆ ಹಿಂದಿ ನಡೆಯುತ್ತೆ, ಅವರಲ್ಲಿ ಎಷ್ಟೋ ಜನ ಬಿಹಾರ ಕಡೆಯವರು. ಲೆಕ್ಕ ಹಾಕಿಕೊಂಡು ಅಷ್ಟೇ ತನ್ನಿ. ತೀರಾ ದಪ್ಪ ಕಂಬಳಿ ಬೇಡ, ಕೊಲ್ಕತ್ತಾದ ಚಳಿ ದೆಹಲಿಯಷ್ಟಲ್ಲ. ಜನವರಿಯಲ್ಲಿ ರಾತ್ರಿ 12-13 ಡಿಗ್ರಿಗೆ ಇಳಿಯುತ್ತೆ, ಫೆಬ್ರವರಿ ನಡುವಿಗೆ ಚಳಿ ಮುಗೀತು. ದಪ್ಪ ಕಂಬಳಿಯನ್ನು ಹಗಲು ಎಲ್ಲಿಡೋದು ಅನ್ನೋದೇ ಅವರ ತಲೆನೋವು.

ಕೊಟ್ಟ ಕಂಬಳಿನ ಮಾರಿಕೊಳ್ತಾರಂತೆ, ನಿಜಾನಾ?

ಕೆಲವರು ಮಾರ್ತಾರೆ. ಮೂರನೇ ಕಂಬಳಿ ಇಟ್ಟುಕೊಂಡು ಏನು ಮಾಡಬೇಕು? ನಮ್ಮ ಮದುವೆಗಳಲ್ಲಿ ಬಂದ ನಾಲ್ಕನೇ ಗೋಡೆ ಗಡಿಯಾರ ಇನ್ನೊಂದು ಮದುವೆಗೆ ಹೋಗಲ್ವಾ, ಹಾಗೇ ಇದೂ. ಔಷಧಿ ತರೋಕೆ, ಊರಿಗೆ ಕಳಿಸೋಕೆ, ಸಾರ್ವಜನಿಕ ಶೌಚಾಲಯದಲ್ಲಿ ಸ್ನಾನಕ್ಕೆ ಕೊಡೋಕೆ ಎಲ್ಲಕ್ಕೂ ದುಡ್ಡೇ ಬೇಕು. ಕುಡಿಯೋಕೂ ಹೋಗುತ್ತೆ, ಇಲ್ಲ ಅನ್ನಲ್ಲ. ಮಾರಬಾರದು ಅಂದ್ರೆ ಬೇಕಾದ ವಸ್ತು ಕೊಡಿ.

ಕಂಬಳಿ ಬಿಟ್ಟು ಬೇರೆ ಏನು?

ಸೊಳ್ಳೆ ಪರದೆ ಆಗಲೇ ಹೇಳಿದೆ. ಮಳೆಗಾಲಕ್ಕೆ ತಾಡಪಾಲು. ಒಳಚಡ್ಡಿ, ಸ್ಯಾನಿಟರಿ ಪ್ಯಾಡು, ಇವನ್ನು ಕೊಡೋರು ತುಂಬಾ ಕಡಿಮೆ. ಚಪ್ಪಲಿ, ಅಳತೆ ಕೇಳಿ ತನ್ನಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲ: ಆಧಾರ್, ರೇಷನ್ ಕಾರ್ಡು ಇಡೋಕೆ. ಒಂದು ಮಳೆಗೆ ಕಾಗದ ನೆಂದುಹೋದರೆ ಅವರು ಮತ್ತೆ ಮೊದಲಿಂದ ಅಲೆಯಬೇಕು.

ಊಟ ಹಂಚಿದ್ರೆ?

ಬಿಸಿಯಾಗಿ, ತಾಜಾ ಮಾಡಿದ್ದು ಕೊಡಿ. ರೆಸಾರ್ಟಿನ ಪಾರ್ಟಿಯಲ್ಲಿ ಉಳಿದದ್ದನ್ನು ರಾತ್ರಿ ಹನ್ನೊಂದಕ್ಕೆ ತಂದು ಎಬ್ಬಿಸಿ ಕೊಡಬೇಡಿ. ಡಿಸೆಂಬರ್ 25ಕ್ಕೆ ಇಲ್ಲಿ ಎಲ್ಲೆಲ್ಲೂ ಕೇಕು. ಬಂಗಾಳಿಗಳಿಗೆ ಅದು 'ಬೊಡೊ ದಿನ್', ಧರ್ಮ ಯಾವುದೇ ಇರಲಿ ಅವತ್ತು ಮನೆಗೆ ಕೇಕು ಬರಲೇಬೇಕು. ಅವತ್ತು ಪಾರ್ಕ್ ಸ್ಟ್ರೀಟಿನ ಮಕ್ಕಳಿಗೆ ಕೇಕು ತಿಂದು ತಿಂದು ಹೊಟ್ಟೆ ಕೆಟ್ಟಿರುತ್ತೆ. ಅನ್ನ, ದಾಲ್, ಆಲೂ ಪಲ್ಯ, ಮೊಟ್ಟೆ ಇದ್ದರೆ ಎಲ್ಲರೂ ಖುಷಿಯಾಗಿ ತಿಂತಾರೆ. ಖಾಲಿ ತಟ್ಟೆ ಎಲ್ಲಿ ಹಾಕಬೇಕು ಅನ್ನೋದನ್ನೂ ನೀವೇ ನೋಡಿ. ಅವರು ಮಲಗೋ ಜಾಗ ಅದು.

ಕೈಗೆ ದುಡ್ಡು ಕೊಡಬಹುದಾ? ಮೋಸ ಇರಲ್ವಾ?

ದೊಡ್ಡವರಿಗೆ ಕೊಡೋದು ನಿಮ್ಮ ಇಷ್ಟ. ಮಕ್ಕಳ ಕೈಗೆ ಬೇಡ. ಮಗು ದುಡ್ಡು ತರುತ್ತೆ ಅಂತಾದರೆ ಅದನ್ನು ಶಾಲೆಗೆ ಕಳಿಸೋರು ಯಾರು?

ನ್ಯೂ ಮಾರ್ಕೆಟ್, ಸಡರ್ ಸ್ಟ್ರೀಟ್ ಕಡೆ ಒಂದು ಹಳೇ ಆಟ ಇದೆ. ಮಗು ಎತ್ತಿಕೊಂಡ ಹೆಂಗಸು ಬಂದು, ದುಡ್ಡು ಬೇಡ, ಮಗುವಿಗೆ ಹಾಲಿನ ಪುಡಿ ಕೊಡಿಸಿ ಸಾಕು ಅಂತಾಳೆ. ನಿಮ್ಮ ಮನಸ್ಸು ಕರಗುತ್ತೆ. ಅವಳು ತೋರಿಸಿದ ಅಂಗಡಿಯಲ್ಲೇ ದೊಡ್ಡ ಡಬ್ಬಿ ಕೊಡಿಸ್ತೀರಿ, ರೇಟು ಸ್ವಲ್ಪ ಜಾಸ್ತಿನೇ ಇರುತ್ತೆ. ನೀವು ಮೂಲೆ ತಿರುಗಿದ ಮೇಲೆ ಡಬ್ಬಿ ವಾಪಸ್ ಅಂಗಡಿಗೆ, ದುಡ್ಡಲ್ಲಿ ಇಬ್ಬರಿಗೂ ಪಾಲು. ಪ್ರವಾಸಿಗರಿಗೆಲ್ಲ ಹೇಳುವ ಎಚ್ಚರಿಕೆ ಇದು. ಅವಳ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಅಂಗಡಿಯವನ ಮೇಲೆ ಇದೆ. ಕೊಡಿಸಲೇಬೇಕು ಅನ್ನಿಸಿದರೆ ಡಬ್ಬಿ ಅಲ್ಲೇ ಒಡೆದು ಕೊಡಿಸಿ.

ಮದರ್ ತೆರೇಸಾ ಹೆಸರಲ್ಲಿ ಚಂದಾ ಕೇಳ್ತಾ ಬಂದರೆ?

ಕೊಡಬೇಡಿ. ಚಂದಾ ಎತ್ತಬಾರದು, ನಮಗಾಗಿ ಯಾರೂ ಎತ್ತೋದೂ ಬೇಡ ಅನ್ನೋದು ಮದರ್ ಕಾಲದಿಂದ ಆ ಸಂಸ್ಥೆಯ ರೂಢಿ. ತಾವಾಗೇ ಕೊಟ್ಟರೆ ತಗೊಳ್ತಾರೆ. ದೇವಸ್ಥಾನದ ಗಲ್ಲಿಯಲ್ಲಿ ರಸೀದಿ ಪುಸ್ತಕ ಹಿಡಿದು ನಿಂತವರು, ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡು ಎಲ್ಲಾ ಅನುಮಾನವೇ.

ನಾವು ಅಮೆರಿಕದಲ್ಲಿದ್ದೀವಿ. ಅಲ್ಲಿಂದ ದುಡ್ಡು ಕಳಿಸಬಹುದಾ?

ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನೋದರ ಮೇಲೆ ಹೋಗುತ್ತೆ. ಭಾರತದ ಪಾಸ್‌ಪೋರ್ಟ್ ಇದ್ದರೆ, ನೀವು ಎಲ್ಲೇ ಇರಿ, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗಲ್ಲ. ಅಮೆರಿಕದ ಪೌರತ್ವ ತಗೊಂಡು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋದು) ಇಟ್ಟುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೇ ಕಳಿಸಬೇಕು. 2020ರ ತಿದ್ದುಪಡಿ ಆದ ಮೇಲೆ ಇದು ಕಡ್ಡಾಯ.

ಮಿಷನರೀಸ್ ಆಫ್ ಚಾರಿಟಿಗೇ 2021ರಲ್ಲಿ ಇದರ ಬಿಸಿ ತಟ್ಟಿತ್ತು. ಕೇಂದ್ರ ಗೃಹ ಸಚಿವಾಲಯ ಅವರ ನವೀಕರಣದ ಅರ್ಜಿಯನ್ನು ತಿರಸ್ಕರಿಸಿದ್ದು ಡಿಸೆಂಬರ್ 25ಕ್ಕೆ, ಸರಿಯಾಗಿ ಕ್ರಿಸ್‌ಮಸ್ ದಿನ. ದೇಶವೆಲ್ಲ ಸುದ್ದಿ ಆಯಿತು. ಒಡಿಶಾ ಸರ್ಕಾರ ತನ್ನ ರಾಜ್ಯದಲ್ಲಿದ್ದ ಅವರ ಮನೆಗಳಿಗೆ ಮುಖ್ಯಮಂತ್ರಿ ಪರಿಹಾರ ನಿಧಿಯಿಂದ 78 ಲಕ್ಷ ರೂಪಾಯಿಗೂ ಹೆಚ್ಚು ಕೊಟ್ಟಿತು. 2022ರ ಜನವರಿ ಮೊದಲ ವಾರದಲ್ಲಿ ನೋಂದಣಿ ವಾಪಸ್ ಸಿಕ್ಕಿತು. ಇಂಥದ್ದು ಯಾವ ಸಂಸ್ಥೆಗೂ ಆಗಬಹುದು, ಕಳಿಸುವ ದಿನ ಒಮ್ಮೆ ವಿಚಾರಿಸಿಯೇ ಕಳಿಸಿ.

ತೆರಿಗೆ ವಿನಾಯಿತಿ?

ಸಂಸ್ಥೆಗೆ 80ಜಿ (ಕೊಟ್ಟ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವ) ಮಾನ್ಯತೆ ಇದೆಯಾ ಅಂತ ರಸೀದಿ ತಗೊಳ್ಳುವಾಗಲೇ ಕೇಳಿ. 2000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ಕಂಬಳಿ, ಅಕ್ಕಿ ಇಂಥ ವಸ್ತುಗಳಿಗೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ಪ್ರಶ್ನೆಯೇ ಇಲ್ಲ.

ಮಿಷನರೀಸ್ ಆಫ್ ಚಾರಿಟಿ ಬಗ್ಗೆ ಟೀಕೆಗಳಿವೆಯಲ್ಲ? ಅಲ್ಲಿಗೆ ಕೊಡೋದು ಸರೀನಾ?

ಇವೆ, ಮುಚ್ಚಿಡೋದೇನಿಲ್ಲ. 1994ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ನಿರ್ಮಲ್ ಹೃದಯ್‌ಗೆ ಬಂದು ಹೋಗಿ ಬರೆದರು. ಸ್ವಚ್ಛತೆ, ಪ್ರೀತಿ ಎಲ್ಲಾ ಇದೆ, ಆದರೆ ರೋಗ ಸರಿಯಾಗಿ ಪತ್ತೆ ಮಾಡುವ ವ್ಯವಸ್ಥೆ ಇಲ್ಲ, ಸಾಯುವ ನೋವಿಗೆ ಬೇಕಾದ ಬಲವಾದ ಮಾತ್ರೆ ಇಲ್ಲ ಅನ್ನೋದು ಅವರ ತಕರಾರು. ದುಡ್ಡಿನ ಲೆಕ್ಕ ಯಾಕೆ ಜನರ ಮುಂದೆ ಇಡಲ್ಲ ಅಂತ ಕೇಳಿದವರಿದ್ದಾರೆ, ಮತಾಂತರದ ಆರೋಪ ಮಾಡಿದವರಿದ್ದಾರೆ. ಅವರು ಎತ್ತಿ ತರುವ ಜನರನ್ನು ಬೇರೆ ಯಾರೂ ಮುಟ್ಟೋಕೂ ಹೋಗಲ್ಲ ಅನ್ನೋದೂ ಅಷ್ಟೇ ನಿಜ.

ನನ್ನ ಅಭಿಪ್ರಾಯ ಕೇಳಿದರೆ, ಆ ಮನೆಗೆ ಹೆಸರಿದೆ, ಹಬ್ಬಕ್ಕೆ ಅಲ್ಲಿಗೆ ಜನ ತಾವಾಗೇ ಹೋಗ್ತಾರೆ. ನಿಮ್ಮ ಕೈಲಿ 10,000 ಇದ್ದರೆ ಅರ್ಧ ಅಲ್ಲಿಗೆ ಕೊಡಿ, ಉಳಿದರ್ಧ ಹೆಸರು ಕೇಳದ ಕಡೆ.

ಹೆಸರು ಕೇಳದ ಕಡೆ ಅಂದ್ರೆ?

ಬೀದಿಯಲ್ಲಿರುವ ಮಾನಸಿಕ ಅಸ್ವಸ್ಥರಿಗಾಗಿ ಈಶ್ವರ ಸಂಕಲ್ಪ ಅನ್ನೋ ಸಂಸ್ಥೆ ಕೆಲಸ ಮಾಡುತ್ತೆ. ಹೆಂಗಸರಿಗೆ ಸರ್ಬರಿ ಅನ್ನೋ ಆಶ್ರಯ ನಡೆಸ್ತಾರೆ. ಅವರ ಒಂದು ಕ್ರಮ ನನಗೆ ತುಂಬಾ ಇಷ್ಟ: ಎಲ್ಲರನ್ನೂ ಎತ್ತಿಕೊಂಡು ಹೋಗಿ ಒಳಗೆ ಕೂಡಿಹಾಕಲ್ಲ. ಕೆಲವರಿಗೆ ಅವರಿರುವ ಬೀದಿಯಲ್ಲೇ ಔಷಧಿ, ಅದನ್ನು ಹೊತ್ತು ಹೊತ್ತಿಗೆ ಕೊಡೋದು ಪಕ್ಕದ ಟೀ ಅಂಗಡಿಯವನಂಥ ಪರಿಚಯದ ಜನ. ಕಲ್ಕತ್ತಾ ರೆಸ್ಕ್ಯೂ ಇದೆ, ಡಾಕ್ಟರ್ ಜ್ಯಾಕ್ ಪ್ರೆಗರ್ ಶುರು ಮಾಡಿದ್ದು, ಬಡವರಿಗೆ ಉಚಿತ ಚಿಕಿತ್ಸಾಲಯ ಮತ್ತು ಮಕ್ಕಳಿಗೆ ಓದು. ಇವರಿಗೆಲ್ಲ ಒಂದು ಸಲದ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಚಿಕ್ಕ ದುಡ್ಡು ಜಾಸ್ತಿ ಉಪಯೋಗ.

ಒಂದು ದಿನ ಬಂದು ಸೇವೆ ಮಾಡಬಹುದಾ?

ಮಿಷನರೀಸ್ ಆಫ್ ಚಾರಿಟಿಯಲ್ಲಿ ಸ್ವಯಂಸೇವಕರನ್ನು ತಗೊಳ್ತಾರೆ, ಮೊದಲು ಹೆಸರು ಬರೆಸಬೇಕು. ಬೆಳಿಗ್ಗೆ ಮದರ್ ಹೌಸ್‌ನಲ್ಲಿ ಟೀ, ಬ್ರೆಡ್ಡು, ಬಾಳೆಹಣ್ಣು ತಿಂದು ಸಂಸ್ಥೆಯ ಬೇರೆ ಬೇರೆ ಮನೆಗಳಿಗೆ ಕೆಲಸಕ್ಕೆ ಹೊರಡ್ತಾರೆ. ಕೆಲಸ ಅಂದ್ರೆ ಬಟ್ಟೆ ಒಗೆಯೋದು, ನೆಲ ಒರೆಸೋದು, ಗಡ್ಡ ಬೋಳಿಸೋದು, ತುತ್ತು ತಿನ್ನಿಸೋದು. ಒಗೆಯೋದೇ ಜಾಸ್ತಿ. ಕ್ರಿಸ್‌ಮಸ್ ಹೊತ್ತಿಗೆ ವಿದೇಶದವರೇ ತುಂಬಿರ್ತಾರೆ. ಒಂದೇ ದಿನ ಇದ್ದು ಹೋಗುವವರಿಗೆ ಕೆಲಸ ಹೇಳಿಕೊಡೋದರಲ್ಲೇ ಅವರ ಅರ್ಧ ದಿನ ಹೋಗುತ್ತೆ, ಹಾಗಾಗಿ ಕನಿಷ್ಠ ಒಂದು ವಾರ ಇದ್ದರೆ ಬನ್ನಿ.

ರಸ್ತೆಯಲ್ಲಿ ಯಾರಾದ್ರೂ ಎಚ್ಚರ ತಪ್ಪಿ ಬಿದ್ದಿದ್ದರೆ?

112ಕ್ಕೆ ಫೋನ್ ಮಾಡಿ. ಒಂಟಿ ಮಗು ಆದರೆ 1098, ವಯಸ್ಸಾದವರ ವಿಷಯಕ್ಕೆ 14567. ಪೊಲೀಸ್ ಅಥವಾ ಆಂಬುಲೆನ್ಸ್ ಬರುವ ತನಕ ಅಲ್ಲೇ ಇರಿ. ನೀವೇ ಟ್ಯಾಕ್ಸಿಯಲ್ಲಿ ಹಾಕಿಕೊಂಡು ನೇರ ಕಾಳಿಘಾಟ್‌ಗೆ ಹೋಗಬೇಡಿ, ಮೊದಲು ಬೇಕಾಗಿರೋದು ಆಸ್ಪತ್ರೆ.

ಇಷ್ಟು ದೂರ ಯಾಕೆ, ಬೆಂಗಳೂರಲ್ಲೇ ಕೊಟ್ಟರೆ ಆಗಲ್ವಾ?

ಖಂಡಿತ ಆಗುತ್ತೆ. ಮಿಷನರೀಸ್ ಆಫ್ ಚಾರಿಟಿಯ ಮನೆಗಳು ಬೆಂಗಳೂರಿನಲ್ಲೂ ಇವೆ. ಇನ್ನೊಂದು ವಿಷಯ: ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದರೆ ನೀವು ಈಗಾಗಲೇ ಕೊಡ್ತಿದ್ದೀರಿ. ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಅದರ ಸೆಸ್‌ನಲ್ಲಿ ಭಿಕ್ಷುಕರ ಕರ ಅಂತ ಶೇ 3 ಸೇರಿರುತ್ತೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ವಸೂಲಿ ಮಾಡಿ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸೋಕೆ ಅಂತ ಇರುವ ದುಡ್ಡು ಅದು. ನಗರದಲ್ಲಿ ಒಂದು ಲಕ್ಷ ಜನಕ್ಕೆ 100 ಜನ ಇರುವಂಥ ಒಂದು ರಾತ್ರಿ ಆಶ್ರಯ ಇರಬೇಕು ಅಂತ ಕೇಂದ್ರದ ಯೋಜನೆಯೇ ಹೇಳುತ್ತೆ. ನಿಮ್ಮ ವಾರ್ಡಿನ ಹತ್ತಿರ ಅದು ಎಲ್ಲಿದೆ ಅಂತ ಕೇಳಿ. ಹಾಗೆ ಕೇಳೋಕೆ ಒಂದು ಪೈಸೆ ಖರ್ಚಿಲ್ಲ.

ಕೊನೆಗೆ, ಯಾವ ದಿನ ಬಂದರೆ ಒಳ್ಳೇದು?

ಡಿಸೆಂಬರ್ 24, 25 ಬಿಡಿ. ಪೂಜೆಯ ನಾಲ್ಕು ದಿನ ಬಿಡಿ, ಟ್ರಾಫಿಕ್ಕಿನಲ್ಲಿ ಕಾಳಿಘಾಟ್ ತಲುಪೋದೇ ಕಷ್ಟ. ಗುರುವಾರ ಬಿಡಿ. ರಜೆ ಆಗ ಮಾತ್ರ ಸಿಗೋದು ಅಂದ್ರೆ ಬನ್ನಿ, ಮದರ್ ಹೌಸ್ ನೋಡಿ, ನಾಹುಮ್ಸ್ ಬೇಕರಿಯಲ್ಲಿ ಕೇಕು ತಿನ್ನಿ, ದುಡ್ಡು ಮಾತ್ರ ಕೈಯಲ್ಲೇ ಇಟ್ಟುಕೊಂಡು ಊರಿಗೆ ಹೋಗಿ. ಅದನ್ನು ಮೇ ತಿಂಗಳಲ್ಲಿ ಕಳಿಸಿ. 40 ಡಿಗ್ರಿ ಹತ್ತಿರ ಬಿಸಿಲು, ಭೇದಿ, ಒಆರ್‌ಎಸ್‌ಗೂ ತತ್ವಾರ. ಆಗ ಮೈಕು ಬ್ಯಾನರು ಹಿಡಿದು ಬರೋರು ಯಾರೂ ಇರಲ್ಲ.